ತೊಗಟೆಯನ್ನು ಪರೀಕ್ಷಿಸಬೇಕೋ, ಕೆರೆಯ ನೀರನ್ನೋ? ಮರಗಳ ರೋಗಾಣು ಪತ್ತೆಗೆ ಇರುವ ದಾರಿಗಳ ಹೋಲಿಕೆ

ಮರ ಒಣಗತೊಡಗಿದಾಗ ನಮ್ಮ ಕಡೆ ಮೊದಲು ಕೇಳಿಬರುವ ಪ್ರಶ್ನೆ ಯಾವ ಔಷಧಿ ಹೊಡೆಯಬೇಕೆಂಬುದು. ರೋಗಾಣು ಯಾವುದೆಂದು ತಿಳಿಯುವ ಮೊದಲೇ ಬುಡಕ್ಕೆ ಔಷಧಿ ಸುರಿದು, ಫಲ ಕಾಣದಿದ್ದಾಗ ನೀರಿನ ಮೇಲೆ ಅನುಮಾನ ಪಡುವುದು ಈಚಿನ ವರ್ಷಗಳಲ್ಲಿ ಹೆಚ್ಚಾಗಿದೆ. ಅನುಮಾನಕ್ಕೆ ಕಾರಣವೂ ಇದೆ. ತುಮಕೂರಿನ ತೋಟಗಳಿಗೆ ಹೇಮಾವತಿ ನಾಲೆಯ ನೀರು ಪಡುವಣದಿಂದ ಹರಿದುಬರುತ್ತದೆ. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಚಿಕ್ಕಬಳ್ಳಾಪುರದ ಕೆರೆಗಳಿಗೆ ಎಚ್.ಎನ್. ವ್ಯಾಲಿ ಯೋಜನೆಯ ಅಂಥದೇ ನೀರು ಬರುತ್ತಿದೆ. ಹೀಗೆ ಹೊರಗಿನಿಂದ ನೀರು ಬರುವಲ್ಲಿ, ಜೊತೆಯಲ್ಲಿ ರೋಗವೂ ಬಂತೇ ಎಂದು ರೈತರು ಕೇಳುವುದು ಸಹಜ. ಆದರೆ ಮರದಲ್ಲಿ ರೋಗಾಣುವನ್ನು ಹುಡುಕುವುದು ಒಂದು ಕೆಲಸ, ನೀರಿನಲ್ಲಿ ಹುಡುಕುವುದು ಇನ್ನೊಂದು ಕೆಲಸ, ಒಂದರಲ್ಲಿ ಸಿಕ್ಕಿದ್ದನ್ನು ಇನ್ನೊಂದಕ್ಕೆ ಸಾಕ್ಷಿಯನ್ನಾಗಿ ಮಾಡುವುದು ಮೂರನೆಯ ಕೆಲಸ. ಈ ಮೂರಕ್ಕೂ ಒಂದೇ ಪರೀಕ್ಷೆ ಸಾಲದು. ಯಾವ ಸಂದರ್ಭಕ್ಕೆ ಯಾವುದನ್ನು ಆರಿಸಬೇಕು, ಯಾವುದಕ್ಕೆ ಹಣ ಸುರಿಯುವುದು ದಂಡ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈಜುವ ರೋಗಾಣು, ಈಜದ ರೋಗಾಣು

ವಿಧಾನವನ್ನು ಆರಿಸುವ ಮೊದಲು ಮಾಡಬೇಕಾದ ವಿಂಗಡಣೆ ಇದು. ಫೈಟಾಫ್ಥೊರ ಕುಲದ ರೋಗಾಣುಗಳು ಶಿಲೀಂಧ್ರದಂತೆ ಕಂಡರೂ ನಿಜವಾದ ಶಿಲೀಂಧ್ರಗಳಲ್ಲ. ಊಮೈಸೀಟ್ ಎಂಬ ಬೇರೆ ಗುಂಪಿಗೆ ಸೇರಿದ ಇವುಗಳ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇರುತ್ತದೆ. ನಿಂಬೆಹಣ್ಣಿನ ಆಕಾರದ ಬೀಜಾಣು ಚೀಲಗಳಿಂದ ಹೊರಬರುವ ಇವುಗಳ ಬೀಜಾಣುಗಳು ಎರಡು ಕಶಾಂಗಗಳ (ಚಾಟಿಯಂಥ ಎಳೆಗಳ) ನೆರವಿನಿಂದ ನೀರಿನಲ್ಲಿ ಈಜುತ್ತವೆ. ತೆಂಗಿನ ಸುಳಿಕೊಳೆಗೆ ಕಾರಣವಾಗುವ ಫೈಟಾಫ್ಥೊರ ಪಾಮಿವೊರ ಮತ್ತು ಅಡಿಕೆಯ ಕೊಳೆರೋಗ ತರುವ ಫೈಟಾಫ್ಥೊರ ಮೀಡಿಯೈ ಈ ಕುಲದವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ರೋಗಾಣುವನ್ನು ವಿವರಿಸಿದಾಗ ಅವರ ಕೈಯಲ್ಲಿದ್ದದ್ದು ಸೂಕ್ಷ್ಮದರ್ಶಕ ಮತ್ತು ಕೃಷಿಕೆ (ರೋಗಾಣುವನ್ನು ಪೋಷಕದ ಮೇಲೆ ಬೆಳೆಸಿ ನೋಡುವುದು) ಅಷ್ಟೇ. ಆ ಎರಡು ಉಪಕರಣಗಳಿಗೆ ಇಂದಿಗೂ ಪೂರ್ತಿ ಬದಲಿ ಹುಟ್ಟಿಲ್ಲ ಎಂಬುದನ್ನು ಮುಂದೆ ನೋಡೋಣ.

ಈ ಕುಲದ ರೋಗಾಣುವಿನ ಅನುಮಾನವಿದ್ದರೆ ಮಾತ್ರ ಮರದ ಜೊತೆಗೆ ನೀರನ್ನೂ ಪರೀಕ್ಷಿಸುವುದರಲ್ಲಿ ಅರ್ಥವಿದೆ. ಉಳಿದವು ಬೇರೆ ಜಾತಿ, ಬೇರೆ ದಾರಿ. ತೆಂಗು ಮತ್ತು ಅಡಿಕೆಯ ಅಣಬೆ ರೋಗಕ್ಕೆ ಕಾರಣವಾದ ಗ್ಯಾನೊಡರ್ಮ ಎಂಬ ಶಿಲೀಂಧ್ರ ಮುಖ್ಯವಾಗಿ ಬೇರಿನಿಂದ ಬೇರಿಗೆ, ಮಣ್ಣಿನಲ್ಲಿ ಉಳಿದ ಹಳೆಯ ಬೊಡ್ಡೆಗಳಿಂದ ಹರಡುತ್ತದೆ. ಮಾವಿನ ಕೊಂಬೆ ತುದಿಯಿಂದ ಒಣಗುತ್ತ ಬರುವ ರೋಗದ ಹಿಂದೆ ಇರುವ ಲೇಸಿಯೊಡಿಪ್ಲೋಡಿಯ ಎಂಬ ಶಿಲೀಂಧ್ರ ಗಾಯಗಳ ಮೂಲಕ ಒಳಹೊಕ್ಕುತ್ತದೆ. ಶ್ರೀಗಂಧದ ಸ್ಪೈಕ್ ರೋಗ ಫೈಟೊಪ್ಲಾಸ್ಮದಿಂದ (ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯದಂಥ ಸೂಕ್ಷ್ಮಜೀವಿಯಿಂದ) ಬರುವಂಥದು, ಜಿಗಿಹುಳುಗಳಿಂದ ಹರಡುವಂಥದು. ಇವುಗಳನ್ನು ಕೆರೆಯ ನೀರಿನಲ್ಲಿ ಹುಡುಕುವುದು ವ್ಯರ್ಥ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕೊಂಬೆ ಒಣಗಿದ್ದಕ್ಕೆ ಕೆರೆ ನೀರಿನ ಬಾಟಲಿ ಹಿಡಿದು ಪ್ರಯೋಗಾಲಯಕ್ಕೆ ಹೋಗುವವರು ಒಣಗಿದ ಕೊಂಬೆಯನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ.

ಮರದ ಕಡೆಯ ಪರೀಕ್ಷೆಗಳು

ಕಣ್ಣು, ಮೂಗು ಮತ್ತು ಹರಿತವಾದ ಕತ್ತಿ ಎಲ್ಲಕ್ಕಿಂತ ಅಗ್ಗದ ಉಪಕರಣಗಳು. ಸುಳಿಕೊಳೆ ಬಂದ ತೆಂಗಿನಲ್ಲಿ ಸುಳಿಯ ಎಲೆ ಬಾಡಿ, ಮೆಲ್ಲಗೆ ಎಳೆದರೂ ಕೈಗೆ ಬರುತ್ತದೆ, ಆ ಎಲೆಯ ಬುಡದಲ್ಲಿ ಕೊಳೆತ ದುರ್ವಾಸನೆ ಇರುತ್ತದೆ. ಅಣಬೆ ರೋಗದಲ್ಲಿ ಕಾಂಡದ ಬುಡದಿಂದ ಕಂದು ಬಣ್ಣದ ರಸ ಸೋರಿ, ಕೊನೆಯ ಹಂತದಲ್ಲಿ ಮರದ ತಳದಲ್ಲಿ ಗಟ್ಟಿ ಅಣಬೆ ಮೂಡುತ್ತದೆ. ಅಣಬೆಯೇ ಕಂಡ ಮೇಲೆ ಯಾವ ಪ್ರಯೋಗಾಲಯದ ವರದಿಯೂ ಬೇಕಿಲ್ಲ. ಕಷ್ಟ ಇರುವುದು ಅದಕ್ಕೂ ಮುಂಚಿನ ಹಂತದಲ್ಲಿ, ಏಕೆಂದರೆ ಥೀಲಾವಿಯಾಪ್ಸಿಸ್ ಎಂಬ ಶಿಲೀಂಧ್ರದಿಂದ ಬರುವ ಕಾಂಡ ಸೋರುವ ರೋಗದಲ್ಲೂ ಇದೇ ಬಗೆಯ ರಸ ಸೋರುತ್ತದೆ. ಎರಡಕ್ಕೂ ಉಪಚಾರ ಬೇರೆಯಾದ್ದರಿಂದ ಇಲ್ಲಿ ಅಂದಾಜು ಸಾಲದು.

ಅಲ್ಲಿಂದ ಮುಂದಿನ ಹೆಜ್ಜೆ ತೇವದ ಡಬ್ಬಿ ಮತ್ತು ಕೃಷಿಕೆ. ತೇವದ ಡಬ್ಬಿ ಎಂದರೆ ಒದ್ದೆ ಕಾಗದ ಹಾಸಿದ ಮುಚ್ಚಳದ ಪೆಟ್ಟಿಗೆಯಲ್ಲಿ ರೋಗದ ತುಂಡನ್ನಿಟ್ಟು, ಎರಡು ಮೂರು ದಿನಗಳಲ್ಲಿ ಏನು ಬೆಳೆಯುತ್ತದೆಂದು ನೋಡುವುದು. ಮಾವಿನ ಕೊಂಬೆಯಂಥ ಮಾದರಿಗಳಿಗೆ ಇದು ಬಹಳ ಮಟ್ಟಿಗೆ ಸಾಕು. ಫೈಟಾಫ್ಥೊರಕ್ಕೆ ಮಾತ್ರ ಇದು ಅಷ್ಟು ಒಗ್ಗುವುದಿಲ್ಲ: ವೇಗವಾಗಿ ಬೆಳೆಯುವ ಶಿಲೀಂಧ್ರಗಳು ಅದನ್ನು ಮುಚ್ಚಿಹಾಕುತ್ತವೆ. ಅದಕ್ಕಾಗಿ ಬ್ಯಾಕ್ಟೀರಿಯ ಮತ್ತು ಶಿಲೀಂಧ್ರಗಳನ್ನು ತಡೆಯುವ ಔಷಧಗಳನ್ನು ಬೆರೆಸಿದ ಆಯ್ಕೆಯ ಅಗಾರ್ (ರೋಗಾಣು ಬೆಳೆಸುವ ಜೆಲ್ಲಿಯಂಥ ಪೋಷಕ) ಬೇಕು. ಈ ಮಿಶ್ರಣಕ್ಕೆ ಹೈಮೆಕ್ಸಜೋಲ್ ಎಂಬ ಔಷಧ ಸೇರಿಸಿದರೆ ಫೈಟಾಫ್ಥೊರದ ನೆಂಟನಾದ ಪಿಥಿಯಂ ದೂರವಾಗುತ್ತದೆ, ಆದರೆ ಫೈಟಾಫ್ಥೊರದ ಕೆಲವು ಪ್ರಭೇದಗಳೂ ಅದರಿಂದ ನರಳುತ್ತವೆ.

ಕೃಷಿಕೆಯ ಯಶಸ್ಸು ಅಗಾರ್‌ಗಿಂತ ಹೆಚ್ಚಾಗಿ ತುಂಡನ್ನು ಎಲ್ಲಿಂದ ಕತ್ತರಿಸಿದಿರಿ ಎಂಬುದರ ಮೇಲೆ ನಿಂತಿದೆ. ಪೂರ್ತಿ ಸತ್ತು ಒಣಗಿದ ಭಾಗದಲ್ಲಿ ಮೂಲ ರೋಗಾಣು ಸತ್ತು ಫ್ಯೂಸೇರಿಯಂನಂಥ ಹಿಂಬಾಲಕ ಶಿಲೀಂಧ್ರಗಳು ಸೇರಿಕೊಂಡಿರುತ್ತವೆ. ತೊಗಟೆಯ ಹೊರಪದರವನ್ನು ಕತ್ತಿಯಿಂದ ಹೆರೆದು ತೆಗೆದರೆ ಒಳಗೆ ಕಂದು ಬಣ್ಣದ ಸತ್ತ ಭಾಗ ಮುಗಿದು ಬಿಳಿಚಾದ ಜೀವಂತ ಅಂಗಾಂಶ ಶುರುವಾಗುವ ಗೆರೆ ಕಾಣುತ್ತದೆ. ಆ ಗೆರೆಯನ್ನು ಒಳಗೊಂಡಂತೆ ಎರಡೂ ಕಡೆಯಿಂದ ತುಂಡು ತೆಗೆಯಬೇಕು. ಇನ್ನೊಂದು ಎಚ್ಚರಿಕೆ ಇದೆ. ಮಾದರಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಶುದ್ಧಗೊಳಿಸುವ ವಾಡಿಕೆ ಶಿಲೀಂಧ್ರಗಳಿಗೆ ಸರಿ, ಊಮೈಸೀಟ್‌ಗಳಿಗೆ ಕಟುವಾಗುತ್ತದೆ. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಕಾಗದದಿಂದ ಒತ್ತಿ ಒಣಗಿಸಿ ಅಗಾರ್ ಮೇಲೆ ಇಡುವುದು ಉತ್ತಮ.

ದಾಳಿಂಬೆ ಬೆಳೆಯುವವರಿಗೆ ಒಂದು ವಿಶೇಷ ಸೌಲಭ್ಯವಿದೆ. ಸೊರಗು ರೋಗ ತರುವ ಸೆರಟೊಸಿಸ್ಟಿಸ್ ಎಂಬ ಶಿಲೀಂಧ್ರ ಅಗಾರ್ ಮೇಲೆ ಅಷ್ಟು ಸುಲಭವಾಗಿ ಬೇರ್ಪಡುವುದಿಲ್ಲ, ಆದರೆ ಕ್ಯಾರೆಟ್ ಮೇಲೆ ಚೆನ್ನಾಗಿ ಬೆಳೆಯುತ್ತದೆ. ಗಿಡದ ಬುಡವನ್ನು ಅಡ್ಡಲಾಗಿ ಕೊಯ್ದಾಗ ಕಾಣುವ ಬೂದು-ಕಂದು ಬಣ್ಣದ ಭಾಗದಿಂದ ತೆಳು ಚೂರುಗಳನ್ನು ತೆಗೆದು, ಚೆನ್ನಾಗಿ ತೊಳೆದ ಎರಡು ಕ್ಯಾರೆಟ್ ಬಿಲ್ಲೆಗಳ ನಡುವೆ ಇಟ್ಟು, ದಾರದಿಂದ ಬಿಗಿದು ತೇವದ ಡಬ್ಬಿಯಲ್ಲಿ ಇಡಬೇಕು. ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಕ್ಯಾರೆಟ್ ಮೇಲೆ ಕಪ್ಪು ಹೂಜಿಯಾಕಾರದ, ಉದ್ದ ಕತ್ತಿನ ರಚನೆಗಳು ಏಳುತ್ತವೆ; ಕತ್ತಿನ ತುದಿಯಲ್ಲಿ ಕೆನೆ ಬಣ್ಣದ ಬೀಜಾಣುಗಳ ಹನಿ ನಿಂತಿರುತ್ತದೆ. ಸಾಧಾರಣ ಭೂತಗನ್ನಡಿ ಸಾಕು. ಕ್ಯಾರೆಟ್ ಬೆಳೆಯುವ ಚಿಕ್ಕಬಳ್ಳಾಪುರದಲ್ಲಿ ಇದಕ್ಕಿಂತ ಅಗ್ಗದ ಪರೀಕ್ಷೆ ಸಿಗದು, ಹೀಗಿದ್ದೂ ಈ ರೋಗಕ್ಕೆ ನೇರವಾಗಿ ಡಿಎನ್ಎ ಪರೀಕ್ಷೆಯಾದ ಪಿಸಿಆರ್‌ಗೆ ಹೋಗುವವರನ್ನು ಕಂಡರೆ ಆಶ್ಚರ್ಯವಾಗುತ್ತದೆ. ಟೊಮೆಟೊ ಬೆಳೆಗಾರರಿಗೆ ತಿಳಿದಿರುವ ಗಾಜಿನ ಲೋಟದ ಪರೀಕ್ಷೆಯೂ ಇದೇ ಬಗೆಯದು: ದುಂಡಾಣು ಸೊರಗು ಇದ್ದರೆ, ಕತ್ತರಿಸಿದ ಕಾಂಡವನ್ನು ತಿಳಿನೀರಿನಲ್ಲಿ ಮುಟ್ಟಿಸಿ ಹಿಡಿದ ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿಯುತ್ತದೆ.

ಹೊಲದಲ್ಲೇ ಬಳಸಬಹುದಾದ ಪ್ರತಿಕಾಯ ಪಟ್ಟಿಗಳು ಗರ್ಭ ಪರೀಕ್ಷೆಯ ಪಟ್ಟಿಯ ತತ್ತ್ವದ ಮೇಲೆಯೇ ಕೆಲಸ ಮಾಡುತ್ತವೆ. ತೊಗಟೆಯ ಚೂರನ್ನು ದ್ರಾವಣದಲ್ಲಿ ಅರೆದು ಎರಡು ಮೂರು ಹನಿ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ವೇಗವೇ ಇದರ ಗುಣ. ದೋಷಗಳು ಎರಡು: ಇದು ಫೈಟಾಫ್ಥೊರ ಎಂಬ ಕುಲವನ್ನು ಹೇಳುತ್ತದೆಯೇ ಹೊರತು ಪ್ರಭೇದವನ್ನಲ್ಲ, ಮತ್ತು ಕೆಲವು ಪಿಥಿಯಂಗಳಿಗೂ ಗೆರೆ ತೋರಿಸಿಬಿಡುತ್ತದೆ. ನೂರಾರು ಮರಗಳಲ್ಲಿ ಯಾವುದರಿಂದ ಮಾದರಿ ತೆಗೆದು ಕಳುಹಿಸಬೇಕು ಎಂದು ಜರಡಿ ಹಿಡಿಯಲು ಇದು ಸರಿ, ಅಂತಿಮ ತೀರ್ಪಿಗಲ್ಲ.

ಪಿಸಿಆರ್ ವಿಷಯಕ್ಕೆ ಬಂದರೆ, ಅದು ರೋಗಾಣುವಿನ ಡಿಎನ್ಎಯ ಒಂದು ಗೊತ್ತಾದ ಭಾಗವನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ತೋರಿಸುವ ವಿಧಾನ. ಕೃಷಿಕೆಯಲ್ಲಿ ಬೆಳೆಯದವುಗಳಿಗೆ, ಮುಖ್ಯವಾಗಿ ಫೈಟೊಪ್ಲಾಸ್ಮಕ್ಕೆ, ಇದನ್ನು ಬಿಟ್ಟರೆ ಖಚಿತವಾದ ದಾರಿ ಬಹುಮಟ್ಟಿಗೆ ಇಲ್ಲ. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗಕ್ಕೆ ಕಾರಣ ಹುಡುಕಲು ದಶಕಗಳೇ ಹಿಡಿದದ್ದು ಇದೇ ಕಾರಣಕ್ಕೆ. ಪ್ರಭೇದದ ಹೆಸರು ಬೇಕಾದಾಗಲೂ, ಡಿಎನ್ಎಯ ಐಟಿಎಸ್ ಎಂಬ ಭಾಗವನ್ನು ಹೆಚ್ಚಿಸಿ ಅದರ ಅನುಕ್ರಮ (ಡಿಎನ್ಎ ಅಕ್ಷರಗಳ ಸಾಲು) ಓದಿಸುವುದು ಇಂದಿನ ವಾಡಿಕೆ. ಆದರೆ ಪಿಸಿಆರ್ ಸತ್ತ ರೋಗಾಣುವಿನ ಡಿಎನ್ಎಯನ್ನೂ ಎಣಿಸುತ್ತದೆ. ಔಷಧಿ ಹೊಡೆದ ಸ್ವಲ್ಪ ದಿನಗಳಲ್ಲಿ ಪರೀಕ್ಷೆ ಮಾಡಿಸಿ ‘ಇನ್ನೂ ಇದೆ’ ಎಂಬ ವರದಿ ಬಂದರೆ ಔಷಧಿ ಸೋತಿತೆಂದು ತಿಳಿಯಬಾರದು. ತೊಗಟೆಯ ಟ್ಯಾನಿನ್ ಮತ್ತು ಫೀನಾಲ್‌ಗಳು ಈ ಕ್ರಿಯೆಯನ್ನೇ ತಡೆದು, ರೋಗಾಣುವಿದ್ದರೂ ಇಲ್ಲವೆನಿಸುವುದುಂಟು. ಅಡಿಕೆಯಂಥ ಟ್ಯಾನಿನ್ ತುಂಬಿದ ಮಾದರಿಗೆ ಇದು ದೊಡ್ಡ ತೊಡಕು. ಡಿಎನ್ಎ ಹೆಚ್ಚಿಸುವ ಇನ್ನೊಂದು ದಾರಿಯಾದ, 2000ದಲ್ಲಿ ಪ್ರಕಟವಾದ ಲ್ಯಾಂಪ್ ವಿಧಾನ 60ರಿಂದ 65 ಡಿಗ್ರಿ ಸೆಲ್ಸಿಯಸ್‌ನ ಒಂದೇ ತಾಪದಲ್ಲಿ, ಸುಮಾರು ಒಂದು ಗಂಟೆಯೊಳಗೆ ಮುಗಿಯುತ್ತದೆ ಮತ್ತು ಇಂಥ ತಡೆಗಳನ್ನು ಸ್ವಲ್ಪ ಹೆಚ್ಚು ಸಹಿಸುತ್ತದೆ. ಅದರ ಅಪಾಯವೆಂದರೆ ಮುಗಿದ ನಳಿಕೆಯ ಮುಚ್ಚಳ ಒಮ್ಮೆ ತೆರೆದರೂ ಡಿಎನ್ಎ ಗಾಳಿಯಲ್ಲಿ ಹರಡಿ ಮುಂದಿನ ಪರೀಕ್ಷೆಗಳೆಲ್ಲ ಸುಳ್ಳು ಹೇಳತೊಡಗುತ್ತವೆ.

ನೀರಿನ ಕಡೆಯ ಪರೀಕ್ಷೆಗಳು

ನೀರಿನಲ್ಲಿ ಈಜುವ ಬೀಜಾಣುಗಳು ವಿರಳವಾಗಿರುತ್ತವೆ, ಆದ್ದರಿಂದ ಮೊದಲು ಅವುಗಳನ್ನು ಒಟ್ಟುಗೂಡಿಸಬೇಕು. ಅದಕ್ಕೆ ಎರಡು ದಾರಿ: ಎಲೆಯ ಗಾಳ ಅಥವಾ ಸೋಸುವಿಕೆ.

ಎಲೆಯ ಗಾಳದ ತತ್ತ್ವ ಸರಳವಾದದ್ದು. ಜೀವಂತ ಎಲೆಯ ಕಡೆಗೆ ಬೀಜಾಣುಗಳು ತಾವಾಗಿ ಈಜಿ ಬರುತ್ತವೆ, ಅಂಟಿಕೊಂಡು ಮೊಳೆಯುತ್ತವೆ, ಅಲ್ಲಿ ನೀರು ಹೀರಿದಂಥ ಕಪ್ಪು ಮಚ್ಚೆ ಬೀಳುತ್ತದೆ. 2001ರಲ್ಲಿ ಹೆಸರು ಪಡೆದ ಫೈಟಾಫ್ಥೊರ ರಮೋರಂ ಕ್ಯಾಲಿಫೋರ್ನಿಯದ ಓಕ್ ಮರಗಳನ್ನು ಕೊಲ್ಲುತ್ತಿದ್ದಾಗ, ಹೊಸ ಕಣಿವೆಗಳಿಗೆ ಅದು ಕಾಲಿಟ್ಟಿದೆಯೇ ಎಂದು ತಿಳಿಯಲು ಅಲ್ಲಿನವರು ತೊರೆಗಳಲ್ಲಿ ರೋಡೊಡೆಂಡ್ರಾನ್ ಎಲೆಗಳ ಜಾಲರಿ ಚೀಲಗಳನ್ನು ತೇಲಿಬಿಟ್ಟರು. ನಮಗೆ ಆ ಎಲೆ ಬೇಕಿಲ್ಲ. ಕೇರಳದಲ್ಲಿ ಮೆಣಸಿನ ಬಳ್ಳಿಯ ಫೈಟಾಫ್ಥೊರಕ್ಕೆ ಆಲ್ಬಿಜಿಯ ಮರದ ಕಿರು ಎಲೆಗಳನ್ನು ಬಳಸುತ್ತಾರೆ. ನಿಂಬೆ ಜಾತಿಯ ಎಲೆ, ಗಟ್ಟಿ ಸೇಬು ಅಥವಾ ಪೇರ್ ಹಣ್ಣು ಕೂಡ ಒಗ್ಗುತ್ತವೆ. ರೋಗಾಣುಗಳ ಇಷ್ಟಾನಿಷ್ಟಗಳು ಬೇರೆ ಬೇರೆಯಾದ್ದರಿಂದ ಎರಡು ಬಗೆಯ ಗಾಳವನ್ನು ಒಟ್ಟಿಗೆ ಹಾಕುವುದು ಕ್ಷೇಮ.

ಈರುಳ್ಳಿ ತುಂಬುವ ಜಾಲರಿ ಚೀಲದ ತುಂಡು, ತೇಲಲು ಒಂದು ಥರ್ಮಾಕೋಲ್ ಚೂರು, ದಾರ ಮತ್ತು ಕಲ್ಲು ಇದ್ದರೆ ಸಾಧನ ಸಿದ್ಧ. ನೆರಳಿರುವ ಕಡೆ, ಕೋಡಿಯ ಕೆಳಗೆ ಅಥವಾ ತೂಬಿನಿಂದ ನೀರು ನಿಧಾನವಾಗಿ ಹೊರಬರುವಲ್ಲಿ ಮೂರರಿಂದ ಏಳು ದಿನ ಬಿಡಬೇಕು. ಇಲ್ಲಿ ಕೆಲಸ ಕೆಡಿಸುವ ಸಂಗತಿಗಳು ನಮ್ಮ ತೋಟದಲ್ಲೇ ಇವೆ. ಬೋರ್ಡೊ ದ್ರಾವಣ ಹೊಡೆದ ಗಿಡದ ಎಲೆಯನ್ನು ಗಾಳಕ್ಕೆ ಬಳಸಿದರೆ ಅದರ ಮೇಲಿನ ತಾಮ್ರ ಬೀಜಾಣುಗಳನ್ನು ಕೊಂದುಬಿಡುತ್ತದೆ. ಕೋಶಭಿತ್ತಿಯೇ ಇಲ್ಲದ ಈ ಬೀಜಾಣುಗಳು ತಾಮ್ರಕ್ಕೆ ಅತಿ ಸೂಕ್ಷ್ಮ, ಆದ್ದರಿಂದ ತಾಮ್ರದ ಬಿಂದಿಗೆಯಲ್ಲಿ ತಂದ ನೀರೂ ಪರೀಕ್ಷೆಗೆ ಬರುವುದಿಲ್ಲ; ಕ್ಲೋರಿನ್ ಬೆರೆತ ನಲ್ಲಿ ನೀರಿನಿಂದ ಗಾಳವನ್ನು ತೊಳೆಯಲೂಬಾರದು. ಏಡಿ, ಮೀನುಗಳು ಎಲೆ ಕಡಿದ ಗುರುತನ್ನು ಮಚ್ಚೆಯೆಂದು ಭ್ರಮಿಸುವವರೂ ಇದ್ದಾರೆ: ಕಡಿತದ ಅಂಚು ಸ್ಪಷ್ಟವಾಗಿರುತ್ತದೆ, ಸೋಂಕಿನ ಅಂಚು ಒದ್ದೆಯಾಗಿ ಹರಡಿಕೊಂಡಿರುತ್ತದೆ.

ಮಚ್ಚೆಯ ಅಂಚನ್ನು ಕತ್ತರಿಸಿ, ಕುದಿಸಿ ಆರಿಸಿದ ಕೆರೆ ನೀರಿನ ತಟ್ಟೆಯಲ್ಲಿ ತೇಲಿಬಿಟ್ಟರೆ ಒಂದೆರಡು ದಿನಗಳಲ್ಲಿ ಬೀಜಾಣು ಚೀಲಗಳು ಏಳುತ್ತವೆ. ಆ ತಟ್ಟೆಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಹೊರಗೆ ತೆಗೆದರೆ ಚೀಲ ಒಡೆದು ಬೀಜಾಣುಗಳು ಸುರುಳಿ ಸುತ್ತುತ್ತ ಹೊರಬರುವುದನ್ನು ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲೂ ನೋಡಬಹುದು. ಸೂಕ್ಷ್ಮದರ್ಶಕವಿಲ್ಲದಿದ್ದರೆ ಮಚ್ಚೆಯ ತುಂಡನ್ನೇ ಪ್ರತಿಕಾಯ ಪಟ್ಟಿಗೆ ಹಾಕಬಹುದು. ನೇರವಾಗಿ ನೀರನ್ನು ಪಟ್ಟಿಗೆ ಹಾಕಿದರೆ ಏನೂ ಕಾಣುವುದಿಲ್ಲ. ಗಾಳದ ಮೂಲಕ ಹಾದು ಬಂದಾಗ ಮಾತ್ರ ಪಟ್ಟಿಗೆ ಸಾಕಷ್ಟು ರೋಗಾಣು ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬಯಲುಸೀಮೆಯ ರೈತ ಗುಂಪುಗಳಿಗೆ ಈ ಜೋಡಿಯಷ್ಟು ಒಪ್ಪುವ ಪರೀಕ್ಷೆ ಬೇರೆ ಇಲ್ಲ.

ಸೋಸುವ ವಿಧಾನದಲ್ಲಿ ಒಂದು ಗೊತ್ತಾದ ಅಳತೆಯ ನೀರನ್ನು, ಸಾಮಾನ್ಯವಾಗಿ ಒಂದು ಲೀಟರ್ ಅಥವಾ ಹೆಚ್ಚು, ಸುಮಾರು 3ರಿಂದ 5 ಮೈಕ್ರೋಮೀಟರ್ ರಂಧ್ರದ ಹಾಳೆಯ ಮೂಲಕ ಮೆಲ್ಲಗೆ ಎಳೆದು, ಹಾಳೆಯನ್ನು ಮಗುಚಿ ಆಯ್ಕೆಯ ಅಗಾರ್ ಮೇಲೆ ಇಡುತ್ತಾರೆ. ಜೋರಾಗಿ ಎಳೆದರೆ ಬೀಜಾಣುಗಳು ಒಡೆದುಹೋಗುತ್ತವೆ. ಇದರ ಲಾಭವೆಂದರೆ ಲೀಟರಿಗೆ ಎಷ್ಟು ಎಂಬ ಸಂಖ್ಯೆ ಸಿಗುವುದು. ನಾಲೆಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ, ಮಳೆಗೆ ಮೊದಲಿಗೂ ನಂತರಕ್ಕೂ ಇರುವ ವ್ಯತ್ಯಾಸವನ್ನು ಗಾಳ ಹೀಗೆ ಅಳೆದು ಹೇಳಲಾರದು. ಆದರೆ ಸೋಸಿದ ನೀರು ಆ ಒಂದು ಗಳಿಗೆಯದ್ದು, ಗಾಳ ಹಿಡಿಯುವುದು ಅಷ್ಟೂ ದಿನಗಳದ್ದು. ಹಿಂದಿನ ರಾತ್ರಿ ಮಳೆ ಬಂದು ಬೆಳಗ್ಗೆ ಹರಿದುಹೋದ ಬೀಜಾಣುಗಳು ಮಧ್ಯಾಹ್ನದ ಬಾಟಲಿಯಲ್ಲಿ ಇರುವುದಿಲ್ಲ. ಪಾಚಿ, ಹೂಳು ತುಂಬಿದ ಕೆರೆಯಲ್ಲಿ ಹಾಳೆ ಬೇಗ ಕಟ್ಟಿಕೊಳ್ಳುತ್ತದೆ. ಸಾವಯವ ಅಂಶ ಹೆಚ್ಚಿರುವ ನೀರಿನಲ್ಲಿ ಗಾಳದ ಎಲೆಯೂ ಬ್ಯಾಕ್ಟೀರಿಯದಿಂದ ಬೇಗ ಕೊಳೆಯುವುದರಿಂದ ಅಂಥ ಕಡೆ ಮೂರನೆಯ ದಿನವೇ ಅದನ್ನು ತೆಗೆಯಬೇಕು.

ಸೋಸಿದ ಹಾಳೆಯಿಂದ ನೇರವಾಗಿ ಡಿಎನ್ಎ ತೆಗೆದು, ನೀರಿನಲ್ಲಿರುವ ಎಲ್ಲ ಊಮೈಸೀಟ್‌ಗಳ ಪಟ್ಟಿಯನ್ನು ಒಟ್ಟಿಗೇ ಪಡೆಯುವ ಪರಿಸರ ಡಿಎನ್ಎ ವಿಧಾನ ಸಂಶೋಧಕರಿಗೆ ಬಹಳ ಉಪಯುಕ್ತ. ಜಯಮಂಗಲಿಯ ಅಥವಾ ಉತ್ತರ ಪಿನಾಕಿನಿಯ ಉಗಮದ ಸುತ್ತ ಯಾವ ಪ್ರಭೇದಗಳಿವೆ ಎಂದು ತಿಳಿಯಬೇಕಾದ ಅಧ್ಯಯನಕ್ಕೆ ಇದೇ ಸರಿ. ತೋಟದವನಿಗೆ ಬೇಡ.

ನೀರಿನಲ್ಲಿ ಸಿಕ್ಕಿತು, ಆಮೇಲೆ?

ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ತೊರೆ ಮತ್ತು ಕೆರೆಗಳಲ್ಲಿ ಉದುರಿದ ಎಲೆಗಳನ್ನು ತಿಂದು ಬದುಕುವ ಫೈಟಾಫ್ಥೊರ ಪ್ರಭೇದಗಳು ಲೋಕದ ಎಲ್ಲ ಕಡೆ ಇವೆ. ಫೈಟಾಫ್ಥೊರ ಗೊನಪೊಡಿಯೈಡಿಸ್‌ನಂಥವು ನೀರಿನ ಸಹಜ ನಿವಾಸಿಗಳು, ಅವುಗಳಿಂದ ಮರಕ್ಕೆ ದೊಡ್ಡ ಹಾನಿ ವಿರಳ. ಆದ್ದರಿಂದ ಗಾಳದಲ್ಲಿ ಮಚ್ಚೆ ಬಿತ್ತೆಂದರೂ, ಪಟ್ಟಿಯಲ್ಲಿ ಗೆರೆ ಮೂಡಿತೆಂದರೂ ಕೆರೆ ಕೆಟ್ಟಿತೆಂದು ಸಾರುವಂತಿಲ್ಲ. ನೀರಿನಲ್ಲಿ ಸಿಕ್ಕ ಪ್ರಭೇದ ಯಾವುದು, ಸತ್ತ ಮರದ ಅಂಚಿನಲ್ಲಿ ಸಿಕ್ಕ ಪ್ರಭೇದ ಯಾವುದು, ಎರಡೂ ಒಂದೇ ಎಂದು ಅನುಕ್ರಮ ಹೇಳುತ್ತದೆಯೇ ಎಂಬುದನ್ನು ನೋಡಬೇಕು. ಒಂದೇ ಆಗಿದ್ದರೂ ನೀರಿನಿಂದ ಮರಕ್ಕೆ ಬಂತೋ, ತೋಟದಿಂದ ನೀರಿಗೆ ಹೋಯಿತೋ ಎಂಬುದು ಉಳಿಯುತ್ತದೆ. ಅದಕ್ಕಾಗಿ ತೋಟದ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಗಾಳ ಹಾಕಬೇಕು. ಹಣ ಖರ್ಚು ಮಾಡಿ ಡಿಎನ್ಎ ಪರೀಕ್ಷೆ ಮಾಡಿಸಲು ಸೂಕ್ತವಾದ ಜಾಗ ಇದು, ಮೊದಲ ದಿನವಲ್ಲ.

ಸಿಗದಿದ್ದರೆ ಇಲ್ಲವೆಂದೂ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾದ ಆಳವಿಲ್ಲದ ಕೆರೆಯಲ್ಲಿ ಬೀಜಾಣು ಸಿಗದಿದ್ದರೆ ಅದರಲ್ಲಿ ಸುದ್ದಿಯೇನೂ ಇಲ್ಲ. ದಪ್ಪ ಗೋಡೆಯ ವಿರಾಮದ ಬೀಜಾಣುಗಳು ಮಣ್ಣಿನಲ್ಲಿ ಉಳಿದೇ ಇರುತ್ತವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅತಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೀಳುವುದರಿಂದ ಆಗಿನಿಂದ ಡಿಸೆಂಬರ್ ತನಕ ನೀರಿನ ಪರೀಕ್ಷೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಮಾಡಲೇಬೇಕಾದರೆ ಮರದ ಬುಡದ ಮಣ್ಣನ್ನು ತಂದು, ನೀರು ಬೆರೆಸಿ, ಮನೆಯೊಳಗೆ ತಂಪಾದ ಕಡೆ ಬೋಗುಣಿಯಲ್ಲಿ ಗಾಳ ಹಾಕುವುದು ವಾಸಿ.

ಯಾರಿಗೆ ಯಾವುದು

ತಿಪಟೂರು, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗು-ಅಡಿಕೆ ತೋಟದವರು ಲಕ್ಷಣ ನೋಡಿ ಸುಳಿಕೊಳೆಯನ್ನೂ ಅಣಬೆ ರೋಗವನ್ನೂ ಮೊದಲು ಬೇರ್ಪಡಿಸಿಕೊಳ್ಳಲಿ. ಅಣಬೆ ರೋಗದ ಅನುಮಾನವಿದ್ದರೆ ಮರದ ಬುಡದ ಮಾದರಿಯ ಕೃಷಿಕೆ ಸಾಕು, ನೀರಿನ ಪರೀಕ್ಷೆ ಬೇಡ. ಸುಳಿಕೊಳೆಯಾದರೆ ಅದು ಸಾಮಾನ್ಯವಾಗಿ ಮಳೆ-ಗಾಳಿಯಲ್ಲಿ ಮರದಿಂದ ಮರಕ್ಕೆ ತಲೆಯ ಮೇಲೆಯೇ ಹರಡುವಂಥದು. ನಾಲೆಯ ನೀರು ಬುಡಕ್ಕೆ ಹರಿಯುವುದರಿಂದ ಸುಳಿ ಕೊಳೆಯಿತೆಂಬ ವಾದ ಅಷ್ಟು ಗಟ್ಟಿಯಾದದ್ದಲ್ಲ. ನರ್ಸರಿ ನಡೆಸುವವರ ಕತೆ ಬೇರೆ. ಎಳೆ ಸಸಿಗಳಿಗೆ ಕೆರೆ ಅಥವಾ ಕೃಷಿಹೊಂಡದ ನೀರನ್ನು ಮೇಲಿನಿಂದ ಸಿಂಪಡಿಸುವವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಗಾಳ ಹಾಕುವುದು ಖಂಡಿತ ಲಾಭದ ಕೆಲಸ, ಏಕೆಂದರೆ ಅವರ ಒಂದು ಸೋಂಕಿತ ತಂಡ ನೂರು ತೋಟಗಳಿಗೆ ಹೋಗುತ್ತದೆ. ದ್ರಾಕ್ಷಿಯ ಬೂಜು ರೋಗದ ರೋಗಾಣು ಈಜುವ ಬೀಜಾಣು ಬಿಟ್ಟರೂ ಜೀವಂತ ಬಳ್ಳಿಯ ಹೊರಗೆ ಬೆಳೆಯುವುದಿಲ್ಲ; ಎಲೆಯ ಕೆಳಗಿನ ಬಿಳಿ ಬೂಜನ್ನು ಕಣ್ಣಿನಿಂದ ನೋಡುವುದೇ ಅಲ್ಲಿ ಪರೀಕ್ಷೆ.

ದೇವರಾಯನದುರ್ಗದಂಥ ಅರಣ್ಯದಲ್ಲಿ ಒಣಗಿದ ಮರಗಳನ್ನೋ ಶ್ರೀಗಂಧವನ್ನೋ ಪರೀಕ್ಷಿಸಬೇಕೆನ್ನುವವರು ಅರಣ್ಯ ಇಲಾಖೆಯ ಅನುಮತಿ ಪಡೆದೇ ಮಾದರಿ ತೆಗೆಯಬೇಕು. ಶ್ರೀಗಂಧಕ್ಕೆ ಸಂಬಂಧಿಸಿದ ಪ್ರಶ್ನೆಯನ್ನು ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಒಯ್ಯುವುದು ಸೂಕ್ತ. ತೋಟದ ಬೆಳೆಗಳ ಮಾದರಿಗೆ ಹಿರೇಹಳ್ಳಿ, ಕೊನೇಹಳ್ಳಿ, ಕೋಲಾರ ಮತ್ತು ಚಿಂತಾಮಣಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮೊದಲು ವಿಚಾರಿಸಿ, ಅಲ್ಲಿಂದ ಅಗತ್ಯವಿದ್ದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ (ಜಿಕೆವಿಕೆ) ಅಥವಾ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಹೋಗಬಹುದು.

ಮಾದರಿ ಸಾಗಿಸುವಾಗ ತೊಗಟೆಯ ತುಂಡನ್ನು ಒದ್ದೆ ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಡಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಅರ್ಧ ಗಂಟೆಯ ಬಿಸಿಲು ಸಾಕು, ಫೈಟಾಫ್ಥೊರ ಸತ್ತು ವರದಿಯಲ್ಲಿ ಫ್ಯೂಸೇರಿಯಂ ಮಾತ್ರ ಉಳಿಯುತ್ತದೆ. ಚೀಟಿಯಲ್ಲಿ ಮರದ ವಯಸ್ಸು, ಮೊದಲ ಲಕ್ಷಣ ಕಂಡ ತಿಂಗಳು, ನೀರಿನ ಮೂಲ, ಕೊನೆಯ ಸಲ ಹೊಡೆದ ಔಷಧಿ ಮತ್ತು ಅದರ ದಿನಾಂಕ ಬರೆಯಿರಿ. ಪ್ರಯೋಗಾಲಯದವರನ್ನು ಎರಡು ಮಾತು ಕೇಳಿ: ಊಮೈಸೀಟ್‌ಗೆ ಬೇಕಾದ ಆಯ್ಕೆಯ ಅಗಾರ್ ಬಳಸುತ್ತೀರಾ, ಮತ್ತು ಪಿಸಿಆರ್ ಮಾಡುವುದಾದರೆ ರೋಗಾಣುವಿಲ್ಲದ ಮಾದರಿಯನ್ನೂ ಜೊತೆಗೆ ಓಡಿಸುತ್ತೀರಾ. ಬಳಸಿದ ಗಾಳದ ಎಲೆ, ಮಣ್ಣು ಮತ್ತು ನೀರನ್ನು ಕುದಿಸಿದ ನಂತರವೇ ಚೆಲ್ಲಿ, ಕತ್ತಿಯನ್ನು ಸ್ಪಿರಿಟ್‌ನಿಂದ ಒರೆಸಿ, ಚಪ್ಪಲಿಗೆ ಮೆತ್ತಿದ ಕೆಸರನ್ನು ಆ ತೋಟದಲ್ಲೇ ತೊಳೆದು ಮುಂದಿನ ತೋಟಕ್ಕೆ ಕಾಲಿಡಿ.